ಒಂದು ‘ರಿ’

ರಾಮದುರ್ಗ

ಡಾಕ್ಟರ್ ಸಾಹೇಬರಿಗೆ ನಮಸ್ಕಾರ.

ನನ್ನ ನೋಟಿಸ್ ಅವಧಿ ನಾಳೆ ಮುಗಿಯುತ್ತದೆ. ಇಂಜೆಕ್ಷನ್ ಕಪಾಟಿನ ಕೀಲಿಯನ್ನು ನೇಸರಗಿಯಿಂದ ಬಂದಿರುವ ಹೊಸ ಸಿಸ್ಟರ್ ಭಾರತಿಗೆ ಕೊಟ್ಟಿದ್ದೇನೆ.

ನಿಮ್ಮ ಬಾಯಲ್ಲಿ ಮರ್ಯಾದೆ ಇಲ್ಲವೆಂದು ಹೇಳಲಾರೆ. ಅಳುವ ಕೂಸಿಗೂ ನೀವು “ಬಾಯಿ ತೆಗೀರಿ ಸಾವಕಾರ್ರ” ಎನ್ನುತ್ತೀರಿ. ನನಗೆ ಮಾತ್ರ ಇಷ್ಟು ವರ್ಷವೂ, ಪೇಷಂಟುಗಳ ಎದುರಿಗೇ, “ಏ, ತಲಿ ಐತೇನ ನಿನಗ?” ಎಂದಿರಿ. ನಿಮ್ಮ ಕೈಯಿಂದ ತಪ್ಪಾದಾಗಲೂ ನನಗೆ ಅದೇ ಮಾತು.

ರಾಜೀನಾಮೆ ಕೊಟ್ಟ ದಿನ ಮೊದಲ ಸಲ “ಬರ್ರಿ ಸಿಸ್ಟರ, ಕುಂದರ್ರಿ. ಯಾಕ ಬಿಡಾಕತ್ತೀರಿ?” ಎಂದಿರಿ. ಯಾರನ್ನು ಮಾತಾಡಿಸುತ್ತಿದ್ದೀರೆಂದು ನಾನು ಹಿಂದೆ ತಿರುಗಿ ನೋಡಿದೆ.

ಅನುಭವ ಪತ್ರದಲ್ಲಿ ನನ್ನನ್ನು ಹೊಗಳುವುದು ಬೇಡ. ಆ ‘ರಿ’ಯನ್ನು ಭಾರತಿಗೆ ಇವತ್ತೇ ಕೊಡಿ. ಅವರೂ ರಾಜೀನಾಮೆ ಬರೆಯುವವರೆಗೆ ಕಾಯಿಸಬೇಡಿ.

ಇಂತಿ,
‘ಏ’ ಎಂದರೆ ಓಡಿ ಬರುತ್ತಿದ್ದ
ಶೈಲಾ ಮಾದರ