ಘಾಟಿನ ತಲೆನೋವು

ಹಾವೇರಿ, ೧೪ ಮಾರ್ಚ್ ೨೦೦೮

ಮೈಲವ್ವಕ್ಕ,

ಇಂದು ನಿನ್ನ ತಲೆಯ ಹತ್ತು ವರ್ಷದ ಹಿಂದಿನ ಸ್ಕ್ಯಾನ್ ಫಿಲ್ಮನ್ನು ಚೀಲದಲ್ಲಿಟ್ಟುಕೊಂಡು ರಾಣೆಬೆನ್ನೂರಿಗೆ ಹೋಗಿದ್ದೆ. ಅಲ್ಲೊಂದು ಕಾಲೇಜಿನ ಪ್ರದರ್ಶನದಲ್ಲಿ ಸುಶ್ಮಿತಾ ಎಂಬ ಹುಡುಗಿ ಮಿದುಳಿನ ಗಡ್ಡೆಯನ್ನು ಕಂಪ್ಯೂಟರಿನಿಂದಲೇ ಹುಡುಕಿಸುತ್ತಾಳೆಂದು ಪೇಪರಿನಲ್ಲಿ ಓದಿದ್ದೆ.

"ಈಕಿ ತಲಿಯೊಳಗ ಹುಡುಕಿದ್ರ ಏನೂ ಸಿಗಂಗಿಲ್ರಿ, ಕಾಕಾರ," ಎಂದು ಪಕ್ಕದ ಗೆಳತಿಯನ್ನು ಕೆಣಕುತ್ತ, ಅವಳು ಫಿಲ್ಮನ್ನು ಬೆಳಕಿಗೆ ಹಿಡಿದು ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದಳು. ಅರೆನಿಮಿಷದಲ್ಲಿ ಗಡ್ಡೆಯ ಸುತ್ತ ಕೆಂಪು ಗೆರೆ ಮೂಡಿತು. ಅವಳ ನಗು ನಿಂತಿತು.

"ಲಿಂಬಿಹಣ್ಣಿನಷ್ಟು ಐತ್ರಿ! ತಲಿನೋವು ಎಷ್ಟು ದಿನದಿಂದ ಇತ್ತು?"

"ಎರಡು ವರ್ಷ. ಮೆಣಸಿನಕಾಯಿ ಘಾಟು ಅಂದ್ಕೊಂಡಿದ್ವಿ."

ಆಗ ಹಾವೇರಿ ಹೊಸ ಜಿಲ್ಲೆ, ಸ್ಕ್ಯಾನ್‌ಗೆ ಹುಬ್ಬಳ್ಳಿಗೇ ಹೋಗಬೇಕಿತ್ತು. ಅದನ್ನು ಖಂಡಿಸಿ ನಾನು ಪತ್ರಿಕೆಗಳಿಗೆ ಬರೆದ ಪತ್ರಗಳು ಇಂದಿಗೂ ಫೈಲಿನಲ್ಲಿವೆ. ಎಲ್ಲವೂ ನೀನು ತೀರಿಹೋದ ಮೇಲೆ ಬರೆದವು. ಬ್ಯಾಡಗಿಯಲ್ಲಿ ದಿನವಿಡೀ ಮೆಣಸಿನಕಾಯಿಯ ತೊಟ್ಟು ಬಿಡಿಸಿ ಬಂದು ನೀನು ವಾಂತಿ ಮಾಡುತ್ತಿದ್ದಾಗ, ನಾನು ಪುಸ್ತಕದಿಂದ ಕಣ್ಣೆತ್ತದೆ, "ಘಾಟಿಗೆ ತಲಿ ನೋಯಲಾರದವ್ರು ಈ ಊರಾಗ ಯಾರದಾರ, ಯಕ್ಕಾ? ಮಜ್ಜಗಿ ಕುಡದು ಮಲಕ್ಕೊ," ಎಂದಿದ್ದೆ. ನೀನು ಕುಡಿದು ಮಲಗಿದೆ. ತಮ್ಮ ಓದಿದವನು, ಅವನಿಗೆ ಗೊತ್ತು ಎಂದು ಓಣಿಗೆಲ್ಲ ಹೇಳಿದೆ.

"ಘಾಟು ಅಂತ ಯಾರ್ರಿ ಹೇಳಿದ್ದು?" ಸುಶ್ಮಿತಾ ಕೇಳಿದಳು.

"ಒಬ್ಬ ಡಾಕ್ಟರ್," ಎಂದೆ.

"ಅಂಥವ್ರನ್ನ ಸುಮ್ನ ಬಿಟ್ರೇನ್ರಿ?"

"ನಮ್ಮಕ್ಕ ಅವಂಗ ಒಂದ್ ಮಾತೂ ಅನಲಿಲ್ಲ ನೋಡವ್ವಾ," ಎಂದು ಫಿಲ್ಮನ್ನು ಚೀಲಕ್ಕೆ ಹಾಕಿಕೊಂಡೆ.

ನಿನ್ನ ತಮ್ಮ,
ಪ್ರಭುಲಿಂಗಪ್ಪ