ನೀಲಿ ಚೀಲದ ಉಪ್ಪು

ಅಪ್ಪಾ,

ನೀಲಿ ಚೀಲದ ಉಪ್ಪು ತೆಂಗಿನ ಬುಡಕ್ಕಲ್ಲ ಕಣಪ್ಪ, ನನ್ನ ಸಮುದ್ರಕುದುರೆ ತೊಟ್ಟಿಗೆ! ಅರ್ಧ ಚೀಲ ಸಸಿಗಳಿಗೆ ಸುರಿದಿದ್ದೀಯಲ್ಲ. ಬೇರೆ ತರೋಕೆ ತುಮಕೂರಿಗೆ ಹೊರಟೆ, ಸಂಜೆಗೆ ಬತ್ತೀನಿ.

ತೊಟ್ಟಿ ನೀರು ಗೆರೆಗಿಂತ ಇಳಿದ್ರೆ ಬರೀ ಫಿಲ್ಟರ್ ನೀರು ಹಾಕು. ನೀರು ಆವಿಯಾಗಿ ಹೋದ್ರೂ ಉಪ್ಪು ಅಲ್ಲೇ ಇರುತ್ತೆ. ಸಾರಿನ ಥರ ರುಚಿ ನೋಡ್ಬೇಡ.

ಹುಲ್ಲಿಗೆ ಬಾಲ ಸುತ್ಕೊಂಡಿದೆಯಲ್ಲ, ಆ ಉಗುರುದ್ದದ ಗಂಡಿನ ಹೊಟ್ಟೆ ಉಬ್ಬಿದೆ. ಇವತ್ತೇ ಮರಿ ಹಾಕಬಹುದು. ಹೆಂಗೆ ಹಾಕುತ್ತೋ ನಾನೂ ನೋಡಿಲ್ಲ. ಕುರ್ಚಿ ಹಾಕ್ಕೊಂಡು ನೋಡು, ಬಂದ್ಮೇಲೆ ಒಂದೂ ಬಿಡದಂಗೆ ಹೇಳ್ಬೇಕು.

ಗಂಡು ಮರಿ ಹೊರೋದು ಸುಳ್ಳು ಅಂತ ನಿನ್ನೆ ನಕ್ಕೆಯಲ್ಲ? ಅಮ್ಮ ತೀರ್ಕೊಂಡ್ಮೇಲೆ ನನ್ನನ್ನ ಸೊಂಟದ ಮೇಲೆ ಹೊತ್ಕೊಂಡೇ ಕಾಯಿ ಕೀಳಿಸ್ತಿದ್ದೋನು ನೀನೇ ಅಲ್ವಾ?

ಪವಿತ್ರಾ