ಸಿಡಿ ಹಾಕಲು ಜಾಗವಿಲ್ಲದ ಲ್ಯಾಪ್‌ಟಾಪ್

ದಹಿಸರ್ ಪೂರ್ವ
ಭಾನುವಾರ, 16 ನವೆಂಬರ್ 2025

ಪ್ರೀತಿಯ ಪ್ರಶಾಂತರೇ,

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ಅತ್ತೆ ಚೆನ್ನಾಗಿದ್ದಾರೆ. ಸದಾನಂದಣ್ಣ ನಾಳೆ ನಿಮ್ಮ ಹಡಗು ಸೇರಲು ಹೊರಡುತ್ತಾರೆಂದು ಕೇಳಿ, ಬೆಳಿಗ್ಗೆಯಿಂದ ನಿಮ್ಮ ಉಪ್ಪಿನಕಾಯಿ ಬಾಟಲಿಗೆ ಪ್ಲಾಸ್ಟಿಕ್ ಸುತ್ತುತ್ತಿದ್ದಾರೆ. ಹಡಗಿನ ಫೋನಿನಲ್ಲಿ ಮಾತು ಅರ್ಧಕ್ಕೇ ಕಡಿದುಹೋಗುತ್ತದೆ, ಅದಕ್ಕೇ ಸದಾನಂದಣ್ಣನ ಕೈಲಿ ಈ ಕಾಗದ.

ನಿನ್ನೆ ನನ್ನ ಜೀವ ಬಾಯಿಗೆ ಬಂದಿತ್ತು. ಮಧ್ಯಾಹ್ನ ಎರಡಕ್ಕೆ ನಮ್ಮ ಅಂಧ ಮಕ್ಕಳ ಶಾಲೆಯಲ್ಲಿ ಗಣಿತ ಪರೀಕ್ಷೆ. ಪ್ರಶ್ನೆಪತ್ರಿಕೆಯನ್ನು ಮನೆಯಲ್ಲಿರುವ ಬ್ರೈಲ್ ಪ್ರಿಂಟರಿನಲ್ಲಿ ಅಚ್ಚು ಹಾಕಬೇಕಾದವಳು ನಾನು. ಶುಕ್ರವಾರವೇ ಮನೆಯ ಹಳೆ ಕಂಪ್ಯೂಟರ್ ಸುಟ್ಟುಹೋಗಿ, ಶಾಲೆಯವರು ಹೊಸ ಲ್ಯಾಪ್‌ಟಾಪ್ ಕೊಟ್ಟಿದ್ದರು. ಅದಕ್ಕೆ ನಮ್ಮ ಪ್ರಿಂಟರಿನ ಗುರುತೇ ಇಲ್ಲ, ಪ್ರಿಂಟರ್ ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಬೇಕು ಎನ್ನುತ್ತದೆ. ಡ್ರೈವರ್ ಇರುವುದು ಸಿಡಿಯಲ್ಲಿ. ಲ್ಯಾಪ್‌ಟಾಪನ್ನು ನಾಲ್ಕೂ ಕಡೆ ತಿರುಗಿಸಿ ನೋಡಿದೆ, ಸಿಡಿ ಹಾಕುವ ಜಾಗವೇ ಇಲ್ಲ! ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಅಷ್ಟು ಹಳೆಯ ಮಾಡೆಲ್ಲಿನ ಹೆಸರೂ ಸಿಗಲಿಲ್ಲ. "ಪ್ರಶ್ನೆಗಳನ್ನು ಓದಿ ಹೇಳೋಣ, ಹರಿಣಿ" ಎಂದರು ಫೋನಿನಲ್ಲಿ ನಮ್ಮ ಹೆಡ್ ವೈಶಾಲಿ ಮೇಡಂ. ಆದರೆ ನಮ್ಮ ವಿದ್ಯಾರ್ಥಿನಿ ಯಕ್ಷಿತಾಳಿಗೆ ಕಿವಿಯೂ ಮುಕ್ಕಾಲು ಪಾಲು ಕೇಳದು. ಕಳೆದ ಪರೀಕ್ಷೆಯಲ್ಲಿ ಹೀಗೆಯೇ ಆಗಿ ಅವಳು ಖಾಲಿ ಹಾಳೆ ಕೊಟ್ಟು ಎದ್ದುಬಂದಿದ್ದಳು. ಆ ಮುಖ ನನಗಿನ್ನೂ ಮರೆತಿಲ್ಲ.

ಸಿಡಿ ಹಿಡಿದುಕೊಂಡು ಹತ್ತೂವರೆಗೆ ಲೋಕಲ್ ರೈಲು ಹತ್ತಿ ಬೊರಿವಲಿಗೆ ಓಡಿದೆ. ಅಲ್ಲಿನ ಫೋಟೋ ಸ್ಟುಡಿಯೋದ ಶೇಖರಣ್ಣನ ಹತ್ತಿರ ಸಿಡಿ ಓದುವ ಹಳೆ ಕಂಪ್ಯೂಟರ್ ಇನ್ನೂ ಇದೆ. ಪೆನ್‌ಡ್ರೈವಿಗೆ ಕಾಪಿ ಮಾಡುತ್ತ ಅರವತ್ತು ಪರ್ಸೆಂಟಿಗೆ ನಿಂತುಬಿಟ್ಟಿತು. ಸಿಡಿಯ ಮೇಲೆ ಗೀಚು ಬಿದ್ದಿತ್ತು. ಅವರು ಲೆನ್ಸ್ ಒರೆಸುವ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಮೆಲ್ಲಗೆ ಒರೆಸಿ ಮತ್ತೆ ಹಾಕಿದರು. ಮೂರನೇ ಸಲಕ್ಕೆ ಪೂರ್ತಿ ಬಂತು. ಮನೆಗೆ ಬಂದು ಲ್ಯಾಪ್‌ಟಾಪಿಗೆ ಹಾಕಿದರೆ ಪ್ರಿಂಟರ್ ಮಾತ್ರ ಅಲುಗಾಡಲಿಲ್ಲ. ಗಂಟೆ ಹನ್ನೆರಡೂ ಮುಕ್ಕಾಲು. ಅಳುತ್ತಲೇ ಶೇಖರಣ್ಣನಿಗೆ ಫೋನ್ ಮಾಡಿದೆ. "ಮೇಡಂ, ಮೊದಲು ಕೇಬಲ್ ತೆಗೀರಿ ಮಾರಾಯ್ರೆ! ಈಗ ಹಾಕಿದ್ದು ಡಿಲೀಟ್ ಮಾಡಿ ಪುನಃ ಹಾಕಿ. ಲ್ಯಾಪ್‌ಟಾಪ್ ಬಂದ್ ಮಾಡಿ ಚಾಲೂ ಮಾಡಿ. ಕೇಬಲ್ ಕೊನೆಗೆ ಹಾಕಿ" ಎಂದರು. ಹಾಗೆಯೇ ಮಾಡಿದೆ. ಪ್ರಿಂಟರ್ ಒಮ್ಮೆ ಗುಡುಗಿ ಚುಕ್ಕಿ ಕುಟ್ಟತೊಡಗಿದಾಗ ಅತ್ತೆ ಅಡುಗೆಮನೆಯಿಂದಲೇ ಕೈಮುಗಿದರು.

ಹತ್ತು ನಿಮಿಷ ತಡವಾಗಿ ತಲುಪಿದೆ. ಮಕ್ಕಳು ಕಾದಿದ್ದರು. ಯಕ್ಷಿತಾ ಹಾಳೆಯ ಮೇಲೆ ಬೆರಳಾಡಿಸಿ, ತನ್ನ ದನಿ ಎಷ್ಟು ದೊಡ್ಡದೆಂದು ತಿಳಿಯದೆ, "ಟೀಚರ್, ತೀನ್ ನಂಬರ್ ಸವಾಲ್ ದೋ ಬಾರ್ ಹೈ!" ಎಂದು ಕೂಗಿದಳು. ಅವಸರದಲ್ಲಿ ಮೂರನೇ ಪ್ರಶ್ನೆಯನ್ನು ಎರಡು ಸಲ ಟೈಪ್ ಮಾಡಿದ್ದೆ. ಎರಡಕ್ಕೂ ಉತ್ತರ ಬರೆದಿದ್ದಾಳೆ, ಎರಡೂ ಸರಿ.

ಅತ್ತೆಯ ಆಶೀರ್ವಾದ. ಹೊತ್ತುಹೊತ್ತಿಗೆ ಊಟ ಮಾಡಿ.

ನಿಮ್ಮ
ಹರಿಣಿ

ತಾ.ಕ.: ಸದಾನಂದಣ್ಣ ಬಾಗಿಲಲ್ಲಿ ನಿಂತಿದ್ದಾರೆ. ಆ ಸಿಡಿ ಸಿಕ್ಕಿದ್ದು ನಿಮ್ಮ ಟ್ರಂಕಿನಲ್ಲಿ, ಕಣ್ಣಿನ ಡಾಕ್ಟರರ ಮಾರ್ಚ್ ತಿಂಗಳ ರಿಪೋರ್ಟಿನ ಕೆಳಗೆ. ನಿಮ್ಮ ದೃಷ್ಟಿ ಕುಗ್ಗುತ್ತಿದೆ, ಮಬ್ಬು ಬೆಳಕಿನಲ್ಲಿ ಏಣಿ ಹತ್ತಬಾರದೆಂದು ಅದರಲ್ಲಿದೆ, ನೀವು ಎಂಜಿನ್ ರೂಮಿನ ಏಣಿ ಹತ್ತುತ್ತಲೇ ಇದ್ದೀರಿ. ದಿನವಿಡೀ ಈ ಮಕ್ಕಳ ಜೊತೆ ಇರುವ ನನಗೆ ಹೇಳಲು ಹೆದರಿದಿರಾ? ಅತ್ತೆಗೆ ಗೊತ್ತಿಲ್ಲ, ಸದಾನಂದಣ್ಣನಿಗೂ ಹೇಳಿಲ್ಲ. ಕ್ಯಾಪ್ಟನ್ನರಿಗೆ ನೀವೇ ಹೇಳಿ, ಮುಂದಿನ ಬಂದರಿನಲ್ಲಿ ಇಳಿದು ಮನೆಗೆ ಬನ್ನಿ. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ.